ನಾಲ್ಕು ನಾಬಿನ ಗುನುಗು

ಗಂಟಲಿನ ಗಡ್ಡೆಯ ಜೊತೆಗೆ ಧ್ವನಿಪೆಟ್ಟಿಗೆಯನ್ನೂ ತೆಗೆದ ಮೇಲೆ ಸರಸ್ವತೀಬಾಯಿ ಮಾತಿನ ಕೆಲಸವನ್ನು ಸನ್ನೆಗಳಿಂದ ಹೇಗೋ ನಡೆಸಿದಳು. ಗುನುಗಿಗೆ ಮಾತ್ರ ಯಾವ ಸನ್ನೆಯೂ ಇರಲಿಲ್ಲ.

ಮೊದಲೆಲ್ಲ ಮುಂಜಾನೆ ದೇವರ ಮನೆಯಲ್ಲಿ ಬತ್ತಿ ಹೊಸೆಯುವಾಗ ಅವಳು ಗುನುಗುತ್ತಿದ್ದಳು. ಪದಗಳಿಲ್ಲದ ಎಂಟು ಸ್ವರಗಳ ಸುತ್ತು. ಏರಿ, ತುಸು ತೂಗಾಡಿ, ಇಳಿದು, ಮತ್ತೆ ಮೊದಲಿನಿಂದ. ಚಡಚಣದ ತವರಿನಲ್ಲಿ ಅಜ್ಜಿಯಿಂದ ಬಂದದ್ದು. ಮಗಳು ಮೃಣಾಲಿನಿ ಅದನ್ನೊಮ್ಮೆ ಮೊಬೈಲಿನಲ್ಲಿ ಹಿಡಿಯಲು ಹೋದಾಗ, ದೇವರ ಮುಂದಿನದನ್ನು ಡಬ್ಬಿಗೆ ತುಂಬಬಾರದೆಂದು ತಾಯಿ ಅಂಗೈ ಅಡ್ಡ ಹಿಡಿದಿದ್ದಳು. ಹಾಗಾಗಿ ಅದು ಎಲ್ಲಿಯೂ ಉಳಿದಿರಲಿಲ್ಲ.

ಮೃಣಾಲಿನಿ ಬಸವನ ಬಾಗೇವಾಡಿಯ ಕಾಲೇಜೊಂದರಲ್ಲಿ ಎಲೆಕ್ಟ್ರಾನಿಕ್ಸ್ ಕಲಿಸುತ್ತಿದ್ದಳು. ರಜೆ ಸಿಕ್ಕಾಗೆಲ್ಲ ಬಸ್ಸು ಹಿಡಿದು ಸಿಂದಗಿಯ ಮನೆಗೆ ಬರುತ್ತಿದ್ದಳು. ಕೆಲ ವರ್ಷಗಳಿಂದ ಅವಳು ಬಿಡುವಿನಲ್ಲಿ ಮಾಡ್ಯುಲರ್ ಸಿಂಥಸೈಜರ್ ಎಂಬ ವಿದ್ಯುತ್ ವಾದ್ಯ ಕಟ್ಟುತ್ತಿದ್ದಳು. ಅದಕ್ಕೆ ಹಾರ್ಮೋನಿಯಂನಂತೆ ಬೆರಳಿನಿಂದ ಒತ್ತುವ ಮನೆಗಳಿಲ್ಲ. ಒಂದೊಂದು ಕೆಲಸಕ್ಕೆ ಒಂದೊಂದು ಫಲಕ, ಫಲಕದಿಂದ ಫಲಕಕ್ಕೆ ಬಣ್ಣದ ತಂತಿಗಳು. ಪಕ್ಕದ ಹಿಟ್ಟಿನ ಗಿರಣಿಯ ಚಾಂದಸಾಬ ಅದನ್ನು ಕಿಟಕಿಯಿಂದ ಇಣುಕಿ ನೋಡಿ, ಮಾಸ್ತರ ಮಗಳು ಮನೆಯಲ್ಲೇ ಟೆಲಿಫೋನ್ ಕಚೇರಿ ತೆರೆದಳೆಂದು ಓಣಿಗೆಲ್ಲ ಹೇಳಿಕೊಂಡು ಬಂದ.

ತಾಯಿಯ ಹೋದ ಗುನುಗನ್ನು ಅದರಿಂದ ಹೊರಡಿಸಬೇಕೆಂದು ಅವಳು ಅದನ್ನು ತಾಯಿಯ ಮಂಚದ ಪಕ್ಕದ ಮೇಜಿನ ಮೇಲೆ ಇಟ್ಟಳು. ಗಡಿಯಾರದಂತೆ ಮಿಡಿಯುವ ಒಂದು ಫಲಕದಿಂದ ಮೂರು ಮಿಡಿತಗಳು ಹೊರಡುತ್ತಿದ್ದವು: ಒಂದು ಚುರುಕು, ಒಂದು ಅದರರ್ಧ ವೇಗದ್ದು, ಇನ್ನೊಂದು ಅದಕ್ಕೂ ಅರ್ಧ. ಮೂರೂ ಮಿಕ್ಸರ್ ಎಂಬ ಫಲಕಕ್ಕೆ ಬಂದು ಕೂಡುತ್ತಿದ್ದವು. ಯಾವ ಮಿಡಿತದ ವೋಲ್ಟೇಜು ಎಷ್ಟು ಸೇರಬೇಕೆಂಬುದನ್ನು ಒಂದೊಂದು ನಾಬು ತಿರುಗಿಸಿ ನಿರ್ಧರಿಸಬೇಕು. ಮೂರನೆಯದಕ್ಕೆ ಅವಳು ತಿರುವುಮುರುವು ಜೋಡಣೆ ಮಾಡಿದ್ದಳು. ಅದು ಕೂಡಿಸುವ ಬದಲು ಕಳೆಯುತ್ತಿತ್ತು. ಒಟ್ಟು ಮೊತ್ತ ಏರಿದರೆ ಸ್ವರ ಏರುತ್ತದೆ, ಇಳಿದರೆ ಇಳಿಯುತ್ತದೆ. ಮೂರು ಮಿಡಿತಗಳು ಇದ್ದು, ಇಲ್ಲದೆ ಕೂಡುವ ಬಗೆಗಳು ಎಂಟು; ಹಾಗಾಗಿ ಮೂರು ನಾಬುಗಳಿಂದ ಎಂಟು ಸ್ವರ. ನಾಲ್ಕನೆಯ ನಾಬಿನಿಂದ ಸ್ವರಕ್ಕೆ ಸಣ್ಣ ನಡುಕ.

“ಮಿಕ್ಸರ್ ಅಂದರ ಚಟ್ನಿ ರುಬ್ಬೋದಲ್ಲೇನ ಮೃಣಾ? ನಿಮ್ಮಾಯಿಗೆ ಹೊಸಾದು ತಂದೀ ಅಂತ ಮಾಡಿದ್ದೆ,” ಎಂದರು ತಂದೆ ಪಾಂಡುರಂಗರಾಯರು. ಸರಸ್ವತೀಬಾಯಿಯ ಭುಜ ಕುಲುಕಿತು. ಅವಳ ನಗೆ ಈಗ ಭುಜದಲ್ಲಿತ್ತು.

ರಾಯರು ಮುದ್ದೇಬಿಹಾಳದ ಕಾಲೇಜಿನ ಭೌತಶಾಸ್ತ್ರದ ಪ್ರಯೋಗಾಲಯದಲ್ಲಿ ಆಯುಷ್ಯ ಕಳೆದವರು. ವಿದ್ಯಾರ್ಥಿಗಳು ಅವರನ್ನು ಬೆನ್ನ ಹಿಂದೆ ಸೊನ್ನಿ ಮಾಸ್ತರ ಎನ್ನುತ್ತಿದ್ದರು. ಪ್ರಯೋಗ ಮುಗಿದೊಡನೆ ಪ್ರತಿಯೊಂದು ನಾಬನ್ನೂ ಸೊನ್ನೆಗೆ ತಂದು, ಆಮೇಲೆ ಸ್ವಿಚ್ ತೆಗೆಯದಿದ್ದರೆ ಅವರು ಸಹಿ ಹಾಕುತ್ತಿರಲಿಲ್ಲ. ಮೃಣಾಲಿನಿ ತನ್ನ ವಿದ್ಯಾರ್ಥಿಗಳಿಗೂ ಅದನ್ನೇ ಕಲಿಸುತ್ತಿದ್ದಳು.

ಮೊದಮೊದಲು ನಾಬು ತಿರುಗಿಸಿದವಳು ಮೃಣಾಲಿನಿಯೇ. ತಾಯಿ ಬೆರಳಿನಿಂದ ಮೇಲೆ, ಕೆಳಗೆ ಎಂದು ತೋರಿಸುವಳು. ಒಂದು ಸ್ವರ ಸರಿಮಾಡಲು ಹೋದರೆ ಇನ್ನು ಮೂರು ಜಾಗ ಬಿಡುತ್ತಿದ್ದವು, ಏಕೆಂದರೆ ಪ್ರತಿ ನಾಬಿನ ಪಾಲು ನಾಲ್ಕು ಸ್ವರಗಳಲ್ಲಿತ್ತು. ಬೇಸತ್ತ ತಾಯಿ ಮಗಳ ಕೈ ಸರಿಸಿ ತಾನೇ ಹಿಡಿದಳು. ಬತ್ತಿ ಹೊಸೆದ ಬೆರಳುಗಳು. ಕೂದಲೆಳೆಯಷ್ಟು ತಿರುಗಿಸುವುದು ಅವುಗಳಿಗೆ ಗೊತ್ತಿತ್ತು. ವಾರಗಟ್ಟಲೆ ಹೀಗೇ ನಡೆಯಿತು. ಸೊರಗುತ್ತಿದ್ದ ಜೀವ ಇದೊಂದಕ್ಕಾಗಿ ದಿಂಬಿಗೆ ಒರಗಿ ಕೂಡುತ್ತಿತ್ತು. ಬಿಡುವಿನಲ್ಲಿ ಫಲಕಗಳ ಮೇಲೊಂದು ಬಟ್ಟೆ ಮುಚ್ಚುತ್ತಿದ್ದಳು, ದೇವರ ಪೆಟ್ಟಿಗೆಗೆ ಮುಚ್ಚುವಂತೆ.

ಒಂದು ಇಳಿಹೊತ್ತು ಅದು ಬಂತು. ಮೂರನೆಯ ನಾಬು ತುಸು ಹೊರಳಿತು, ನಾಲ್ಕನೆಯದರಿಂದ ಸ್ವರಗಳಿಗೆ ಅವಳ ಗಂಟಲಿನ ಆ ಹಳೆಯ ನಡುಕ ಸೇರಿತು. ಸರಸ್ವತೀಬಾಯಿ ಕೈ ತೆಗೆದು ತೊಡೆಯ ಮೇಲಿಟ್ಟುಕೊಂಡಳು. ರಾಯರು ಪಡಸಾಲೆಯಿಂದ ಎದ್ದು ಬಂದು ಬಾಗಿಲಲ್ಲೇ ನಿಂತರು. ಗುನುಗು ಸುತ್ತಿ ಸುತ್ತಿ ಬರುತ್ತಿತ್ತು.

ಈ ಸಲ ರೆಕಾರ್ಡ್ ಮಾಡಲೇನೆಂದು ಮಗಳು ಕೇಳಿದಾಗ ತಾಯಿ ಅಂಗೈ ಅಡ್ಡ ಹಿಡಿಯಲಿಲ್ಲ. ಆಗಲೆಂದು ತಲೆಯಾಡಿಸಿದಳು. ಆದರೆ ಗಿರಣಿ ಓಡುತ್ತಿತ್ತು. ಅದರ ಗುರ್ರೆಂಬ ಸದ್ದು ಗೋಡೆ ದಾಟಿ ಮೇಜಿನವರೆಗೂ ಬರುತ್ತಿತ್ತು. ನಾಬುಗಳು ಇದ್ದಲ್ಲೇ ಇರುತ್ತವೆ. ಬೆಳಗ್ಗೆ, ಗಿರಣಿ ಶುರುವಾಗುವ ಮೊದಲು, ಸ್ವಚ್ಛವಾಗಿ ರೆಕಾರ್ಡ್ ಮಾಡಿದರಾಯಿತು ಎಂದುಕೊಂಡಳು ಮೃಣಾಲಿನಿ. ಅರೆಬರೆ ಕೆಲಸ ಅವಳಿಗೆ ಸೇರುತ್ತಿರಲಿಲ್ಲ.

ದೀಪ ಹಚ್ಚುವ ಹೊತ್ತಿಗೆ ತಾಯಿಗೆ ಉಸಿರು ಕಟ್ಟತೊಡಗಿತು. ಚಾಂದಸಾಬ ತನ್ನ ಗಾಡಿ ತಂದ. ತಾಯಿಯನ್ನು ಎತ್ತಿ ಕೂರಿಸಿ, ಹೊರಡುವ ಗಡಿಬಿಡಿಯಲ್ಲಿ ಮೃಣಾಲಿನಿ ಹಿಂದಿರುಗಿ ಹೇಳಿದಳು, “ಅಪ್ಪಾ, ಆ ಮಷೀನ್ ಬಂದ್ ಮಾಡಿ ಬಾ.” ರಾಯರು ಒಳಗೆ ಹೋಗಿ, ಬಂದ್ ಮಾಡಿ, ಬಟ್ಟೆ ಮುಚ್ಚಿ, ಬಾಗಿಲಿಗೆ ಕೀಲಿ ಹಾಕಿಕೊಂಡು ಬಂದರು.

ವಿಜಯಪುರದ ಆಸ್ಪತ್ರೆಯಿಂದ ಸರಸ್ವತೀಬಾಯಿ ಜೀವಂತ ಮರಳಲಿಲ್ಲ.

ಹದಿಮೂರನೆಯ ದಿನದ ಊಟ ಮುಗಿದು ನೆಂಟರೆಲ್ಲ ಹೊರಟರು. ಅಷ್ಟೂ ದಿನ ಮೇಜಿನ ಮೇಲಿನ ಬಟ್ಟೆಯನ್ನು ಯಾರೂ ಸರಿಸಿರಲಿಲ್ಲ. ಅದರ ಕೆಳಗೆ ನಾಬುಗಳು ತಾಯಿಯ ಬೆರಳು ಇಟ್ಟಲ್ಲೇ ಇವೆ ಎಂಬ ಒಂದು ಎಣಿಕೆಯ ಮೇಲೆ ಮೃಣಾಲಿನಿ ಆ ದಿನಗಳನ್ನು ದಾಟಿದ್ದಳು. ಮಧ್ಯಾಹ್ನ ಇಳಿಯುತ್ತಿದ್ದಾಗ ರಾಯರು ಬಂದು ಮಂಚದ ಅಂಚಿಗೆ ಕೂತರು.

“ಅಕೀದು ಹಚ್ಚು. ಕೇಳಬೇಕನಸ್ತದ.”

ಕಿಟಕಿಯಾಚೆ ಇದ್ದ ಚಾಂದಸಾಬನಿಗೂ ಅದು ಕೇಳಿಸಿರಬೇಕು. “ಗಿರಣಿ ಬಂದ್ ಮಾಡ್ತೇನ್ರಿ ಮಾಸ್ತರ, ನಿವಾಂತ ಕೇಳ್ರಿ. ಜ್ವಾಳಾ ಎಲ್ಲಿ ಓಡಿ ಹೊಕ್ಕೈತಿ,” ಎಂದು ಹೋದ. ಗಿರಣಿ ನಿಂತಿತು. ಓಣಿಯಲ್ಲಿ ಅಂಥ ಮೌನ ಅಪರೂಪ.

ಅವಳು ಬಟ್ಟೆ ತೆಗೆದು ಸ್ವಿಚ್ ಹಾಕಿದಳು. ಒಂದೇ ಒಂದು ಸ್ವರ ಬಂತು. ಏರದೆ, ಇಳಿಯದೆ, ನಡುಗದೆ ಅದು ಹಾಗೇ ನಿಂತಿತು. ನಾಬುಗಳ ಕಡೆ ನೋಡಿದಳು. ನಾಲ್ಕೂ ಎಡತುದಿಗೆ, ಒಂದೇ ಸಾಲಿನಲ್ಲಿ, ನೀಟಾಗಿ ತಿರುಗಿ ನಿಂತಿದ್ದವು.

“ಅವತ್ತ ಗಡಿಬಿಡ್ಯಾಗೂ ಮರೀಲಿಲ್ಲ ನೋಡು,” ಎಂದರು ರಾಯರು. “ಎಲ್ಲಾ ಸೊನ್ನಿಗೆ ತಂದಽ ಬಂದ್ ಮಾಡೇನಿ. ಅಕೀ ಯಂತ್ರಾ ಕೆಡಬಾರದಲ್ಲಾ.”

ಅವಳು ತಿರುಗಿ ನೋಡಲಿಲ್ಲ. ಬೆನ್ನಿನಿಂದ ಮೇಜನ್ನು ಮರೆಮಾಡಿ ಮೊದಲ ನಾಬನ್ನು ತಿರುಗಿಸಿದಳು, ಎರಡನೆಯದನ್ನು, ಮೂರನೆಯದನ್ನು. ಸ್ವರಗಳು ಎದ್ದವು. ಅದೇ ಬಗೆಯ ಗುನುಗು, ಆದರೆ ಅದಲ್ಲ.

“ಕಡೀದು ಇನ್ನ ಕೆಳಗ ಇತ್ತು,” ಎಂದರು ರಾಯರು. ಅವಳು ಮೂರನೆಯದನ್ನು ಹೆಚ್ಚಿಸಿದಳು. ಕೊನೆಯ ಸ್ವರ ಇಳಿಯಿತು, ಅದರ ಹಿಂದಿನ ಮೂರೂ ಇಳಿದವು. ನಡುವಿನದು ಹೋಯಿತೆಂದರು. ಎರಡನೆಯದನ್ನು ಏರಿಸಿದಳು. ಅದು ಬಂದಂತಾಗಿ, ಮುಗಿಯುವ ಜಾಗ ತಪ್ಪಿತು. ಪ್ರತಿ ಸುತ್ತು ಕೇಳಿದಂತೆ ಕಿವಿಯೊಳಗಿನ ನಿಜವಾದದ್ದು ಸ್ವಲ್ಪ ಸ್ವಲ್ಪ ಸರಿದು ಇದಕ್ಕೆ ಜಾಗ ಕೊಡುತ್ತಿತ್ತು. ಹೋಲಿಸಲು ಬೇಕಾದ ಅಳತೆಗೋಲನ್ನೇ ಅಳೆಯುವ ಕೆಲಸ ಸವೆಸುತ್ತಿತ್ತು. ಅದು ತಿಳಿದೂ ಅವಳು ಕೈ ಬಿಡಲಿಲ್ಲ.

ಬಹಳ ಹೊತ್ತಿನ ಮೇಲೆ ರಾಯರು ಕೇಳಿದರು, “ನೀ ಯಾಕ ಹುಡುಕಲಿಕ್ಹತ್ತೀ, ಮೃಣಾ? ಅಕಿ ಇಟ್ಟಿದ್ದು ಎಲ್ಲಿ ಹೋತು?”

ಅವರು ಎದ್ದು ಬಂದು, ಅವಳ ಭುಜದ ಮೇಲಿಂದ ಬಗ್ಗಿ, ನಾಬುಗಳನ್ನು ಒಂದೊಂದಾಗಿ ನೋಡಿದರು. ಆಮೇಲೆ ತಮ್ಮ ಎರಡೂ ಕೈಗಳನ್ನು ಧೋತರದ ಮಡಿಕೆಯೊಳಗೆ ಇಟ್ಟುಕೊಂಡು ಮಂಚಕ್ಕೆ ಮರಳಿದರು.

“ಬಂದ್ ಮಾಡು,” ಎಂದರು.

ಅವಳ ಬೆರಳುಗಳು ರೂಢಿಯಂತೆ ಮೊದಲ ನಾಬಿನ ಕಡೆ ಹೋದವು, ನಿಂತವು. ಅವಳು ಗೋಡೆಯಿಂದ ಪ್ಲಗ್ ಕಿತ್ತಳು. ಗೋಡೆಯಾಚೆ ಗಿರಣಿ ಮತ್ತೆ ಶುರುವಾಯಿತು.

ಮರುದಿನ ಮುಂಜಾನೆ ಅವಳಿಗೆ ಎಚ್ಚರವಾದಾಗ ದೇವರ ಮನೆಯಲ್ಲಿ ರಾಯರು ಬಟ್ಟಲಿನಿಂದ ಹತ್ತಿ ಬಿಡಿಸುತ್ತ ಕೂತಿದ್ದರು. ಬತ್ತಿ ಒರಟಾಗಿ ಬರುತ್ತಿತ್ತು. ತಮಗೇ ಗೊತ್ತಿಲ್ಲದೆ ಅವರು ಗುನುಗುತ್ತಿದ್ದರು. ಅದು ನಿನ್ನೆ ಪ್ಲಗ್ ಕೀಳುವಾಗ ನಡೆಯುತ್ತಿದ್ದ ತಪ್ಪು ಸುತ್ತು. ಇದಲ್ಲ ಅಪ್ಪಾ ಎನ್ನಲು ಮೃಣಾಲಿನಿ ಬಾಯಿ ತೆರೆದಳು. ಸರಿಯಾದದ್ದನ್ನು ಮನಸ್ಸಿನೊಳಗೆ ಒಮ್ಮೆ ಹಾಡಿಕೊಂಡು ಹೇಳೋಣವೆಂದುಕೊಂಡಳು. ಎಷ್ಟು ಸಲ ಮೊದಲಿನಿಂದ ಹಿಡಿದರೂ ಅವರು ಗುನುಗುತ್ತಿದ್ದದ್ದೇ ಬಂತು.