ಬೆನ್ನು ತಿರುಗಿಸಿ ಆಡುವ ಮಾಖೋಜಾ

ಜೂಜಿನ ಮೇಜಿಗೆ ಬೆನ್ನು ಹಾಕಿ ಜೂಜಾಡಿದವರನ್ನು ನಾನು ಕಂಡದ್ದು ಒಬ್ಬರನ್ನೇ. ಅವರು ನಮ್ಮ ಬೀದಿಯ ಮಾಖೋಜಾ. ರೂಲೆಟ್ಟಿನ ಚಕ್ರ ತಿರುಗತೊಡಗಿ, ಬಿಳಿಯ ಚೆಂಡು ಅಂಚಿನ ಗುಂಟ ಓಡುತ್ತಿರುವಾಗ, ಸುತ್ತ ನಿಂತವರೆಲ್ಲ ಉಸಿರು ಬಿಗಿಹಿಡಿದು ಕತ್ತು ಚಾಚಿದರೆ, ಈ ಮುದುಕಿ ತಮ್ಮ ಒಂದೇ ಒಂದು ಬಿಲ್ಲೆಯನ್ನು ಒಂದು ಅಂಕಿಯ ಮೇಲಿಟ್ಟು, ಮಲಗಿದ ಮಗುವಿನ ಹೊದಿಕೆ ಸರಿಪಡಿಸುವಂತೆ ಅದನ್ನು ಬೆರಳಿನಿಂದ ಒಮ್ಮೆ ಸರಿಪಡಿಸಿ, ತಿರುಗಿ ನಡೆದುಬಿಡುತ್ತಿದ್ದರು. ಬಾಗಿಲ ಬಳಿಯ ಬೆಂಚಿನಲ್ಲಿ ಕುಳಿತು, ಮನೆಯಲ್ಲಿ ಕರಿದು ತಂದ ಹಿಟ್ಟಿನುಂಡೆ ಮಗ್ವಿನ್ಯಾವನ್ನು ಕೈಚೀಲದಿಂದ ತೆಗೆದು ಮುರಿದು ತಿನ್ನುತ್ತಿದ್ದರು. ಬಂತೇ, ಹೋಯಿತೇ ಎಂದು ಯಾರನ್ನೂ ಕೇಳುತ್ತಿರಲಿಲ್ಲ.

ತಿಂಗಳ ಮೊದಲ ವಾರ ಕ್ಯಾಸಿನೊದ ಬಸ್ಸು ನಮ್ಮ ಚರ್ಚಿನ ಮುಂದೆ ಬಂದು ನಿಲ್ಲುತ್ತದೆ. ಪಿಂಚಣಿಯವರಿಗೆ ಪ್ರಯಾಣ ಪುಕ್ಕಟೆ, ಊಟವೂ ಪುಕ್ಕಟೆ. ಪುಕ್ಕಟೆ ಸಿಕ್ಕರೆ ನನಗೊಂದಿರಲಿ, ನಮ್ಮಪ್ಪನಿಗೊಂದಿರಲಿ ಎನ್ನುವ ಜಾತಿ ನಮ್ಮದು. ಆ ಬಸ್ಸಿನಲ್ಲಿ ಆಟ ಗೊತ್ತಿಲ್ಲವೆಂದು ಒಪ್ಪಿಕೊಳ್ಳುವವರು ಒಬ್ಬರೂ ಇಲ್ಲ. ಒಬ್ಬಾಕೆ ಜೂಜಿನ ಯಂತ್ರದ ಕೆನ್ನೆ ಸವರಿ ಮುದ್ದುಮಾಡಿಯೇ ಗುಂಡಿ ಒತ್ತುತ್ತಾರೆ. ಇನ್ನೊಬ್ಬರು, ಬೇರೆಯವರು ಸೋತು ಎದ್ದ ಯಂತ್ರ ಈಗಲೋ ಆಗಲೋ ಕೊಟ್ಟೇ ಕೊಡುತ್ತದೆಂದು ಹದ್ದಿನ ಕಣ್ಣಿಟ್ಟು ಕಾಯುತ್ತಾರೆ. ಹೈಸ್ಕೂಲಿನಲ್ಲಿ ಗಣಿತ ಕಲಿಸಿ ನಿವೃತ್ತರಾದ ಮವಿಂಬೆಲಾ ಮೇಷ್ಟ್ರು ಇವರನ್ನೆಲ್ಲ ನೋಡಿ ನಗುತ್ತಾರೆ. ಮಾಖೋಜಾ ಮಾತ್ರ ಬಸ್ಸೇರಿದವರನ್ನೆಲ್ಲ ನಮಸ್ಕಾರದ ಬದಲು ಒಂದೇ ಮಾತು ಕೇಳುತ್ತಿದ್ದರು: "ಕನಸು ಬಿತ್ತಾ?"

ಅವರ ಹಸಿರು ಕೋಟಿನೊಳಗೆ, ಎದೆಯ ಎರಡೂ ಬದಿಗೆ, ಅವರೇ ಹೊಲಿದುಕೊಂಡ ಉದ್ದನೆಯ ಜೇಬುಗಳಿವೆ. ಕದ್ದುಮುಚ್ಚಿ ಆಡುತ್ತಿದ್ದ ಫಾಫಿ ಎಂಬ ಅಂಕಿಯಾಟದ ಕಾಲದಲ್ಲಿ ಬೀದಿಯ ಹೆಂಗಸರ ಪುಟ್ಟ ಪುಟ್ಟ ದುಡ್ಡಿನ ಚೀಲಗಳು ಆ ಜೇಬುಗಳಲ್ಲಿ ಕುಳಿತು, ಆಟ ನಡೆಸುವ ಚೀನಾ ಸಾಹುಕಾರ ಲಾಯ್‌ನ ಕಾರಿನವರೆಗೆ ಪಯಣಿಸುತ್ತಿದ್ದವು. ಪೊಲೀಸರ ಕಣ್ಣು ತಪ್ಪಿಸಿ ಓಡಾಡಿದ ಆ ಕಾಲುಗಳು ಇಂದಿಗೂ ಯಾವ ಜಾಗಕ್ಕೂ ನೇರವಾಗಿ ಹೋಗಲಾರವು. ರೂಲೆಟ್ಟಿನ ಮೇಜಿಗೂ ಅವರು ಒಂದು ಸುತ್ತು ಹಾಕಿ, ತಮಗೂ ಅದಕ್ಕೂ ಏನೂ ಸಂಬಂಧವಿಲ್ಲವೆಂಬಂತೆ ಬಂದು ನಿಲ್ಲುತ್ತಾರೆ.

ಫಾಫಿಯಲ್ಲಿ ಮೂವತ್ತಾರು ಅಂಕಿ, ಅಂಕಿಗೊಂದು ಕನಸು. ಸಮುದ್ರ ಕಂಡರೆ ಮೂರು, ಮೊಟ್ಟೆ ಕಂಡರೆ ಹತ್ತು, ನಾಯಿ ಕಂಡರೆ ಇಪ್ಪತ್ತೇಳು, ಪುಟ್ಟ ಹುಡುಗಿ ಕಂಡರೆ ಹತ್ತೊಂಬತ್ತು. ಲಾಯ್ ಮನೆಯಿಂದ ಹೊರಡುವಾಗಲೇ ಒಂದು ಅಂಕಿಯನ್ನು ಮನಸ್ಸಿನಲ್ಲಿ ಆರಿಸಿಕೊಂಡು ಬರುತ್ತಿದ್ದ. ಜನ ಯಾವುದಕ್ಕೆ ಮುಗಿಬೀಳುತ್ತಾರೋ ಅದನ್ನು ಬಿಟ್ಟು ಬೇರೆಯದನ್ನು. ಹಾಗಾಗಿ ಆಟವೆಂದರೆ ಲಾಯ್‌ನ ಅಂತರಂಗವನ್ನು ಓದುವುದೇ ಆಗಿತ್ತು. ಹೆಂಡತಿಯೊಡನೆ ಜಗಳವಾಡಿ ಬಂದಿದ್ದಾನೆಯೇ, ಹಲ್ಲುನೋವಿದೆಯೇ, ನಿನ್ನೆ ಯಾವ ಅಂಕಿಗೆ ಕೈ ಸುಟ್ಟುಕೊಂಡ ಎಂಬುದನ್ನೆಲ್ಲ ಮಾಖೋಜಾ ಅವನ ಮುಖದಲ್ಲೇ ಕಾಣಬಲ್ಲವರಾಗಿದ್ದರು.

ಅವರಿಗೆ ಒಬ್ಬಳೇ ಮಗಳು, ಫಿಕಿಲೆ. ಬೆಳಿಗ್ಗೆ ತಾಯಿ ಕೂದಲು ಹೆಣೆಯುತ್ತಿರುವಾಗ ಆ ಹುಡುಗಿ ರಾತ್ರಿ ಕಂಡ ಕನಸನ್ನು ಹೇಳುತ್ತಿದ್ದಳು. ಮಗುವಿನ ಕನಸು ಹುಸಿಹೋಗುವುದಿಲ್ಲವೆಂದು ಅಕ್ಕಪಕ್ಕದ ಹೆಂಗಸರು ಬಾಗಿಲಲ್ಲಿ ಬಂದು ನಿಲ್ಲುತ್ತಿದ್ದರು. ಹುಸಿಹೋದ ದಿನಗಳೇ ಹೆಚ್ಚು, ಆದರೆ ಅವನ್ನು ನೆನಪಿಡುವವರು ಯಾರು? ಶಾಲೆಯಿಂದ ಬಂದವಳೇ ಫಿಕಿಲೆ ಕೇಳುತ್ತಿದ್ದಳು: "ಅಮ್ಮಾ, ನನ್ ಕನಸು ಗೆಲ್ತಾ?" ಸೋತ ದಿನಗಳಲ್ಲಿ ಮಗಳಿಗೆ ಸುಳ್ಳು ಹೇಳಲೂ ಆಗದೆ, ನಿಜ ಹೇಳಲೂ ಮನಸ್ಸು ಬಾರದೆ ಒದ್ದಾಡಿ, ಕೊನೆಗೆ ದಿನವೂ ಲಾಯ್ ಅಂಕಿ ಹೇಳುವ ಮೊದಲೇ ಮಾಖೋಜಾ ಚೀಲಗಳನ್ನು ಬೇರೆಯವರ ಕೈಗೆ ಕೊಟ್ಟು ಬಂದುಬಿಡುವುದನ್ನು ಅಭ್ಯಾಸಮಾಡಿಕೊಂಡರು. "ನಾನ್ ನೋಡ್ಲಿಲ್ಲ ಕಣೆ" ಎಂದರೆ ಅದು ನಿಜವೇ ಆಗಿರುತ್ತಿತ್ತು.

ಒಂಬತ್ತನೆಯ ವಯಸ್ಸಿನ ಚಳಿಗಾಲದಲ್ಲಿ ಅವಳಿಗೆ ಜ್ವರ ಬಂತು. ಆಸ್ಪತ್ರೆ ಮುಟ್ಟುವ ಹೊತ್ತಿಗೆ ಕೈಮೀರಿತ್ತು. ಮಣ್ಣು ಮಾಡಿ ಬಂದ ಮಧ್ಯಾಹ್ನ ಬೀದಿಯ ಹೆಂಗಸರೆಲ್ಲ, ಒಬ್ಬರಿಗೊಬ್ಬರು ಹೇಳಿಕೊಳ್ಳದೆಯೇ, ಪುಟ್ಟ ಹುಡುಗಿಯ ಅಂಕಿಯಾದ ಹತ್ತೊಂಬತ್ತಕ್ಕೆ ಕಟ್ಟಿದರು. ಸಾವಿನ ಸುದ್ದಿ ಲಾಯ್‌ಗೆ ತಿಳಿದಿತ್ತು. ಎಲ್ಲರೂ ಅದಕ್ಕೇ ಕಟ್ಟುತ್ತಾರೆಂಬುದೂ ತಿಳಿದಿತ್ತು. ಜನ ಮುಗಿಬೀಳುವ ಅಂಕಿಯನ್ನು ಜನ್ಮದಲ್ಲಿ ಆರಿಸದ ಆ ಜಿಪುಣ ಅಂದು ಕಾರಿನ ಗಾಜು ಇಳಿಸಿ, ತಲೆಯ ಮೇಲಿನ ಟೋಪಿ ತೆಗೆದು, "ಹತ್ತೊಂಬತ್ತು" ಎಂದ. ನಮ್ಮ ಭಾಷೆಯಲ್ಲಿ ಬೈಗುಳ ಮತ್ತು ಅಂಕಿಗಳನ್ನು ಬಿಟ್ಟು ಬೇರೇನೂ ಬಾರದ ಮನುಷ್ಯನ ಸಂತಾಪ ಅದು.

ಲಾಯ್ ತೀರಿಕೊಂಡ, ಅವನ ಕಾರು ಬರುವುದು ನಿಂತಿತು, ಊರಾಚೆಯ ಗಣಿಮಣ್ಣಿನ ಹಳದಿ ದಿಬ್ಬದ ಪಕ್ಕ ಕ್ಯಾಸಿನೊ ಎದ್ದಿತು. ಫಿಕಿಲೆ ಮಾತ್ರ ತಾಯಿಯ ಕನಸಿಗೆ ಬರುವುದನ್ನು ಬಿಡಲಿಲ್ಲ. ಬಂದಾಗಲೆಲ್ಲ ಅವಳ ಕೈಯಲ್ಲಿ ಏನಾದರೊಂದು ಇರುತ್ತಿತ್ತು: ಒಮ್ಮೆ ಮೊಟ್ಟೆ, ಒಮ್ಮೆ ನಾಯಿಮರಿ, ಒಮ್ಮೆ ಬೊಗಸೆಯಲ್ಲಿ ಸಮುದ್ರದ ನೀರು. ರೂಲೆಟ್ಟಿನಲ್ಲೂ ಮೂವತ್ತಾರು ಅಂಕಿಗಳಿವೆಯೆಂದು ಕೇಳಿದೊಡನೆ ಮಾಖೋಜಾ ಬಸ್ಸು ಹತ್ತಿದರು. ಮೇಜಿನ ಮೇಲೆ ಸೊನ್ನೆಯೊಂದು ಹೆಚ್ಚಿಗೆ ಇರುವುದನ್ನು ಕಂಡು, "ಸೊನ್ನೆಗೆ ಯಾವ ಕನಸೂ ಇಲ್ಲ. ಹಂಗಾದ್ರೆ ಅದು ಯಜಮಾನಂದು" ಎಂದು ತೀರ್ಪು ಕೊಟ್ಟರು.

ಒಂದು ದಿನ ಬೆಂಚಿನಲ್ಲಿ ನಾವು ಮೂವರೂ ಕುಳಿತಿದ್ದಾಗ ಮವಿಂಬೆಲಾ ಮೇಷ್ಟ್ರಿಗೆ ತಡೆಯಲಾಗಲಿಲ್ಲ.

"ಮಾಖೋಜಾ, ಬೇಜಾರ್ ಮಾಡ್ಕೋಬೇಡಿ. ಲಾಯ್ ಕಾರಲ್ಲಿ ಒಬ್ಬ ಮನುಷ್ಯ ಇದ್ದ, ಅವನ ಮನಸ್ಸು ಓದ್ಬಹುದಿತ್ತು. ಈ ಚಕ್ರದೊಳಗೆ ಯಾರೂ ಇಲ್ಲ. ನಿಮ್ ಕನಸನ್ನ ಇದು ಕೇಳಿಸ್ಕೊಳ್ಳಲ್ಲ."

"ಗೊತ್ತು ಮೇಷ್ಟ್ರೇ. ಬಂದ ದಿನಾನೇ ಗೊತ್ತಾಯ್ತು. ಚಕ್ರ ತಿರುಗ್ಸೋ ಹುಡುಗನ ಮುಖ ನೋಡ್ದೆ. ಏನೂ ಇರ್ಲಿಲ್ಲ. ಪಾಪ, ಅವನಿಗೆ ಕಾಲುನೋವು, ಅಷ್ಟೇ."

"ಮತ್ಯಾಕೆ ಆಡ್ತೀರಿ?"

"ನಂಗೊತ್ತು. ಅವಳಿಗೆ ಗೊತ್ತಿಲ್ವಲ್ಲ. ಚಿಕ್ ಮಗು, ಲಾಯ್ ಇನ್ನೂ ಬರ್ತಾನೆ ಅಂದ್ಕೊಂಡಿದೆ. ಅಷ್ಟು ದೂರದಿಂದ ಮೊಟ್ಟೆ ಒಡೀದ ಹಾಗೆ ಹಿಡ್ಕೊಂಡ್ ಬರತ್ತೆ. ಬೇಡ, ವಾಪಸ್ ತಗೊಂಡ್ ಹೋಗು ಅನ್ಲಾ?"

ಮೇಷ್ಟ್ರು ಕನ್ನಡಕ ತೆಗೆದು ಒರೆಸಿಕೊಂಡರು. ಆಮೇಲೆ ಎದ್ದು ಹೋಗಿ, ಸತತ ಐದು ಸಲ ಕಪ್ಪು ಮನೆಯೇ ಬಂದಿದೆ, ಇನ್ನು ಕೆಂಪು ಬರಲೇಬೇಕೆಂದು ಕೆಂಪಿಗೆ ಕಟ್ಟಿದರು.

ಈಸ್ಟರ್ ಮುಗಿದ ವಾರ ಬಸ್ಸಿನಲ್ಲಿ ಮಾಖೋಜಾ ನನ್ನ ಪಕ್ಕ ಕುಳಿತು ಮೆಲ್ಲಗೆ ಹೇಳಿದರು: "ಈ ಸಲ ಕೈಲಿ ಏನೂ ಇರ್ಲಿಲ್ಲ. ಸುಮ್ನೆ ಬಾಗಿಲಲ್ಲಿ ನಿಂತಿದ್ಲು." ಬರಿಗೈಯಲ್ಲಿ ಬಂದ ಹುಡುಗಿಗೆ ಅವಳದೇ ಅಂಕಿ. ಹತ್ತೊಂಬತ್ತರ ಮೇಲೆ ಬಿಲ್ಲೆಯಿಟ್ಟು, ಸರಿಪಡಿಸಿ, ತಿರುಗಿ ನಡೆದರು. ಬೆಂಚು ಮುಟ್ಟುವ ಮೊದಲೇ ಕೂಗೆದ್ದಿತು. "ಮಾಖೋಜಾ! ನಿಮ್ಮದೇ ಬಂತು! ಓಡ್ಬನ್ನಿ!" ಮೇಷ್ಟ್ರೇ ಓಡಿಹೋಗಿ ತೋಳು ಹಿಡಿದು ಎಳೆತಂದರು. ಜನ ಆ ಹಸಿರು ಕೋಟನ್ನು ಮುಟ್ಟಿ ಮುಟ್ಟಿ ಅದೃಷ್ಟ ಅಂಟಿಸಿಕೊಳ್ಳುತ್ತಿದ್ದರು. ಅವರು ಮಾತ್ರ ಬಿಲ್ಲೆಗಳ ರಾಶಿಯನ್ನು ನೋಡಲಿಲ್ಲ. ಹತ್ತೊಂಬತ್ತರ ಮನೆಯಲ್ಲಿ ಸುಮ್ಮನೆ ಮಲಗಿದ್ದ ಚೆಂಡನ್ನೇ ನೋಡುತ್ತಾ, "ಈಗ ಹೇಳ್ಬಹುದು" ಎಂದರು. ಅಷ್ಟು ಬೆಳಗಿದ ಅವರ ಮುಖವನ್ನು ನಾನು ಅದಕ್ಕೆ ಮೊದಲು ಕಂಡಿರಲಿಲ್ಲ.

ಅಂದು ಸಂಜೆ ದೀಪ ಹೊತ್ತಿಸುವ ಮೊದಲೇ ಹೋಗಿ ಮಲಗಿದರಂತೆ. ಮಗಳು ಕೇಳಿದೊಡನೆ "ಗೆಲ್ತು ಕಣೆ" ಎನ್ನಬೇಕಿತ್ತು. ಫಿಕಿಲೆ ಬರಲಿಲ್ಲ. ಮರುದಿನವೂ ಬರಲಿಲ್ಲ, ಮುಂದೆ ಬಂದ ಚಳಿಗಾಲ ಕಳೆದರೂ ಬರಲಿಲ್ಲ. ಗೆದ್ದ ಹಣವನ್ನು ಏನು ಮಾಡಿದರೆಂದು ನಾನು ಕೇಳಲಿಲ್ಲ.

ಮಾಖೋಜಾ ಈಗಲೂ ಬಸ್ಸು ಹತ್ತುತ್ತಾರೆ. ಯಾರನ್ನೂ ಕನಸಿನ ಮಾತು ಕೇಳುವುದಿಲ್ಲ. ಅವರನ್ನು ಕೇಳುವ ಧೈರ್ಯ ನಮಗೂ ಇಲ್ಲ. ಮೇಜಿಗೆ ಸುತ್ತು ಹಾಕಿ ಬಂದು ನಿಲ್ಲುತ್ತಾರೆ, ಬಿಲ್ಲೆ ಮುಷ್ಟಿಯಲ್ಲೇ ಇರುತ್ತದೆ. ಬೆನ್ನು ತಿರುಗಿಸುವುದಿಲ್ಲ; ಚೆಂಡು ಓಡಿ, ಕುಪ್ಪಳಿಸಿ, ಯಾವುದೋ ಮನೆಯಲ್ಲಿ ಬೀಳುವವರೆಗೆ ರೆಪ್ಪೆ ಮಿಟುಕಿಸದೆ ನೋಡುತ್ತಾರೆ. "ಕಟ್ಟಲ್ವಾ ಮಾ?" ಎಂದು ಒಮ್ಮೆ ಕೇಳಿದೆ. "ಯಾವುದಕ್ಕೆ ಕಟ್ಲಪ್ಪ? ನಂಗ್ಯಾರೂ ಏನೂ ಹೇಳ್ಲಿಲ್ಲ" ಎಂದರು.

ಜೂಜುಗಾರರಿಗೆ ತಾವಾಡುವ ಆಟವೇ ಅರ್ಥವಾಗುವುದಿಲ್ಲವೆಂದು ಬಲ್ಲವರು ಹೇಳುತ್ತಾರೆ. ನಮ್ಮ ಬಸ್ಸಿನ ಮಟ್ಟಿಗೆ ಅದು ಬಹುಪಾಲು ನಿಜವೂ ಹೌದು. ಆದರೆ ಎದುರುಗಡೆ ಯಾರೂ ಇಲ್ಲವೆಂದು ಚೆನ್ನಾಗಿ ತಿಳಿದೂ, ಆ ಖಾಲಿ ಕುರ್ಚಿಯಲ್ಲಿ ತಮ್ಮವರೊಬ್ಬರನ್ನು ಕೂರಿಸಿಕೊಂಡು ಆಡುವವರು ಪ್ರತಿ ಮೇಜಿನಲ್ಲೂ ಒಬ್ಬಿಬ್ಬರು ಇರುತ್ತಾರೆ. ಸೋಲುತ್ತಿರುವಷ್ಟು ಕಾಲ ಅಂಥವರು ಒಂಟಿಯಲ್ಲ. ಗೆದ್ದ ದಿನ ಎದುರಿಗಿದ್ದವರು ಎದ್ದು ಹೋಗುತ್ತಾರೆ.