ಓರೆಯಾದ ಮಾಲೆ

ಅಪ್ಪ ಅಮ್ಮನ ಮದುವೆಗೆ ಇಪ್ಪತ್ತೈದು ತುಂಬುವ ಹಿಂದಿನ ಸಂಜೆ, ಅಮ್ಮನ ಬಟ್ಟೆ ತುಂಬಿದ ಚೀಲ ಮೆಟ್ಟಿಲ ಬಳಿ ಸಿದ್ಧವಾಗಿತ್ತು. ಕಾರಣ, ಬಾಗಿಲಿಗೆ ಕಟ್ಟಬೇಕಾದ ಮಾಲೆ.

ನಮ್ಮೂರಿನ ಪದ್ಧತಿಯಂತೆ, ಮದುವೆಯ ಬೆಳ್ಳಿಹಬ್ಬಕ್ಕೆ ಫರ್ ಮರದ ರೆಂಬೆಗಳ ಮಾಲೆಗೆ ಬೆಳ್ಳಿ ಕಾಗದದ ಗುಲಾಬಿ ಸಿಕ್ಕಿಸಿ ನೆರೆಯವರೇ ಕಟ್ಟಬೇಕು; ಮನೆಯವರು ಮುಟ್ಟುವಂತಿಲ್ಲ. ಏಣಿ ಹತ್ತುವ ಹಕ್ಕು ಬಲಗಡೆ ಮನೆಯವರದು. ನಮ್ಮ ಬಲಗಡೆ ಮನೆಗೆ ಕಳೆದ ವಸಂತದಲ್ಲಿ ಬಂದವರು ಏಕ್‌ಹಾರ್ಟ್ ಮಾಮ, ಅಪ್ಪನ ಶಾಲೆಯ ಗೆಳೆಯ. ಹರೆಯದಲ್ಲಿ ಇಬ್ಬರೂ ಅಮ್ಮನ ಹಿಂದೆ ಸುತ್ತಿದವರು. ಮಾಮನಿಗೆ ಈಗಲೂ ಹೊಟ್ಟೆ ಬಂದಿಲ್ಲ, ತಲೆತುಂಬ ಕೂದಲಿದೆ. ಅವರು ಬಂದ ಮೇಲೆ ಅಪ್ಪ ಸಾಸೇಜ್ ಬಿಟ್ಟ, ಬಿಗಿ ಚಡ್ಡಿ ತೊಟ್ಟು ಸೈಕಲ್ ಹೊಡೆಯತೊಡಗಿದ.

"ಅವನು ನನ್ನ ಬಾಗಿಲಿಗೆ ಮೊಳೆ ಹೊಡೀಕೂಡದು," ಅಂದ ಅಪ್ಪ.

"ಹಾಗಾದ್ರೆ ನಾಳೆ ಹಬ್ಬವೂ ಬೇಡ. ನಾನು ತಂಗಿ ಮನೆಗೆ ಹೋಗ್ತೀನಿ."

"ಅವನಿಗೋಸ್ಕರ ಇಷ್ಟೊಂದು ಕೋಪಾನಾ, ಮೆಖ್ಟಿಲ್ಡ್?"

"ಅವನ ಕಡೆ ನೋಡ್ತಿರೋದು ನಾನಲ್ಲ, ನೀನು! ಬೆಳಗ್ಗೆ ಎದ್ದರೆ ಅವನ ಕಿಟಕಿ, ಸಂಜೆಯಾದರೆ ಅವನ ಸೈಕಲ್. ನನ್ನನ್ನ ಯಾವಾಗ ನೋಡಿದೆ ಹೇಳು?"

ನಾನು ಆಲೂಗಡ್ಡೆ ಸುಲಿಯುತ್ತ ತಲೆ ಎತ್ತಲೇ ಇಲ್ಲ. ಅಷ್ಟರಲ್ಲಿ ಹೊರಗೆ ಹಾಡು ಕೇಳಿತು. ನೆರೆಯವರು ಮಾಲೆ ಹೊತ್ತು ಬಂದಿದ್ದರು. ಅಪ್ಪ ಹೋಗಿ ಶೆಡ್ಡಿನಿಂದ ನಮ್ಮ ಏಣಿ ತಂದು ಗೋಡೆಗೊರಗಿಸಿದ. ನಾನೂ ಅಮ್ಮನೂ ಹೊರಗೆ ಬಂದೆವು.

"ಹತ್ತಯ್ಯಾ, ಬೇಗ," ಅಂದ.

ಮಾಮ ನಗುತ್ತಲೇ ಹತ್ತಿದರು. ಅರ್ಧದಲ್ಲಿ ನಗು ನಿಂತಿತು. ಬೆರಳುಗಳು ಏಣಿಯನ್ನು ಕಚ್ಚಿಕೊಂಡವು. ಕೆಳಗಿದ್ದವರು ಇನ್ನೂ ಹಾಡುತ್ತಿದ್ದರು, ಯಾರಿಗೂ ಗೊತ್ತಾಗಲಿಲ್ಲ. ಅಪ್ಪನಿಗೆ ಗೊತ್ತಾಯಿತು. ಒಂದು ಮಾತು ಗಟ್ಟಿಯಾಗಿ ಅಂದಿದ್ದರೆ ಬೀದಿಯೆಲ್ಲ ನಗುತ್ತಿತ್ತು. ಅಪ್ಪ ಏಣಿಯನ್ನು ಎರಡೂ ಕೈಯಲ್ಲಿ ಹಿಡಿದು ಮೆಲ್ಲಗೆ ಹೇಳಿದ್ದು ಪಕ್ಕದಲ್ಲಿದ್ದ ನನಗೂ ಅಮ್ಮನಿಗೂ ಮಾತ್ರ ಕೇಳಿತು:

"ಶಾಲೇಲಿದ್ದಾಗ ಚರ್ಚಿನ ಗೋಪುರದಲ್ಲೂ ಹೀಗೇ ಆಗಿತ್ತಲ್ಲೋ ನಿನಗೆ. ಕೆಳಗೆ ನೋಡ್ಬೇಡ. ಗುಲಾಬಿ ನೋಡು. ನಾನು ಹಿಡ್ಕೊಂಡಿದೀನಿ."

"ಬಿಡಬೇಡ ಕಣೋ, ಬೆರ್ನ್‌ವಾರ್ಡ್."

"ಬಿಡಲ್ಲ. ಹೊಡಿ ಮೊಳೆ."

ಮಾಲೆ ಓರೆಯಾಗಿ ನಿಂತಿತು. ಮಾಮ ಇಳಿದು ಅಪ್ಪನ ಹೆಗಲಿಗೆ ಹಣೆ ತಾಗಿಸಿ ಉಸಿರು ಬಿಟ್ಟರು. "ನಿನ್ನ ಹೊಟ್ಟೆ ಭಾರ ಇತ್ತಲ್ಲ, ಏಣಿ ಅಲುಗಲಿಲ್ಲ," ಅಂದರು. ಅಪ್ಪ ಜೋರಾಗಿ ನಕ್ಕ. ಆಮೇಲೆ ಮಾಮನನ್ನೂ ಮಾಲೆಯನ್ನೂ ಬಿಟ್ಟು, ಅಮ್ಮನ ಕಡೆ ತಿರುಗಿದ. ಅವಳ ಹೊಸ ನೀಲಿ ಬ್ಲೌಸನ್ನು ಆಗಷ್ಟೇ ಕಂಡವನಂತೆ ನೋಡಿದ.

"ಮಾಲೆ ಓರೆಯಾಯ್ತಾ?" ಅಂದ.

ಅಮ್ಮ ಅವನನ್ನೇ ನೋಡಿದಳು. "ಆಗಿದೆ. ಇರಲಿ ಬಿಡು."

ನೆರೆಯವರು ಶ್ನಾಪ್ಸ್ ಮದ್ಯಕ್ಕೆ ಕೂಗುತ್ತಿದ್ದರು. ಅಮ್ಮ ಲೋಟಗಳ ತಟ್ಟೆಯನ್ನು ನನ್ನ ಕೈಗೆ ಕೊಟ್ಟು ಅಪ್ಪನಿಗೆ ಹೇಳಿದಳು:

"ಮೆಟ್ಟಿಲ ಹತ್ತಿರ ಚೀಲ ಇದೆ. ಜನ ಎಡವಿಬೀಳ್ತಾರೆ. ಮೇಲೆ ತಗೊಂಡು ಹೋಗು."

ಅಪ್ಪ ಒಂದೊಂದು ಸಲಕ್ಕೆ ಎರಡೆರಡು ಮೆಟ್ಟಿಲು ಹತ್ತಿದ.