ಅಮ್ಮಯಮ್ಮನ ಬೋಣಿ

ನಮ್ಮತ್ತೆ ಅಮ್ಮಯಮ್ಮನ ಕೈ ಬೋಣಿಗೆ ಒಳ್ಳೆಯದೆಂದು ಮೊದಲು ಹೇಳಿದವರು ಅಪ್ಪಯ್ಯಣ್ಣ. ಇಪ್ಪತ್ತೆರಡು ವರ್ಷದ ಹಿಂದೆ ಅನುಗೊಂಡನಹಳ್ಳಿ ಬಸ್‌ಸ್ಟಾಪಿನ ಎದುರು ಅವರು ಎಲೆಕ್ಟ್ರಿಕಲ್ ಅಂಗಡಿ ತೆರೆದ ದಿನ, ಮೊದಲ ಗಿರಾಕಿಯಾಗಿ ಹೋದ ಅತ್ತೆ ನಲವತ್ತು ಕ್ಯಾಂಡಲಿನ ಒಂದು ಬಲ್ಬು ತಂದಿದ್ದರಂತೆ. ವ್ಯಾಪಾರ ಕುದುರಿತು. ಅಂದಿನಿಂದ ಪ್ರತಿ ವಿಜಯದಶಮಿ ಬೆಳಿಗ್ಗೆ ಅಪ್ಪಯ್ಯಣ್ಣ ಹೇಳಿಕಳಿಸುತ್ತಾರೆ, ಅತ್ತೆ ಹೊಸ ಸೀರೆ ಉಟ್ಟು ಹೋಗಿ ಒಂದೇ ಒಂದು ಬಲ್ಬು ಕೊಂಡು ಬರುತ್ತಾರೆ. ಚೌಕಾಸಿ ಮಾಡದೆ ಮಾತ್ರ ತರುವ ಹಾಗಿಲ್ಲ.

"ಏನಪ್ಪಾ, ಎಲ್ಡು ರೂಪಾಯಿ ಕಮ್ಮಿ ಮಾಡ್ಕಳಲ್ವಾ?"

"ನೀವೊಬ್ರು ವರ್ಷಕ್ಕೊಂದ್ಸತಿ ಬಂದು ನನ್ನ ಮುಳುಗಿಸ್ತೀರ ಕಣಮ್ಮ. ತಗಳಿ, ಮೂರು ಬಿಟ್ಟೆ!"

ಮಾತು ಪ್ರತಿ ವರ್ಷವೂ ಇದೇ. ಇಬ್ಬರೂ ನಗುವುದೂ ಇದೇ ಜಾಗದಲ್ಲಿ.

ಅಪ್ಪಯ್ಯಣ್ಣನದು ಇನ್ನೊಂದು ಅಭ್ಯಾಸ. ಯಾವ ಮನೆಗೆ ಯಾವ ಮಾಲು ಎಂದು ಗೊತ್ತಾದ ಕೂಡಲೇ ಡಬ್ಬದ ಮೇಲೆ ಸೀಮೆಸುಣ್ಣದಲ್ಲಿ ಆ ಮನೆಯ ಹೆಂಗಸಿನ ಹೆಸರು ಬರೆದುಬಿಡುತ್ತಾರೆ. "ದುಡ್ಡು ಕೊಡೋರು ಗಂಡಸ್ರು, ಉಪಯೋಗ್ಸೋರು ಯಾರು ಹೇಳಿ?" ಎನ್ನುತ್ತಾರೆ.

ಈ ಶ್ರಾವಣದಲ್ಲಿ ಅತ್ತೆ ಬಟ್ಟೆ ಒಗೆಯುವ ಕಲ್ಲಿನ ಹತ್ತಿರ ಜಾರಿ ಬಿದ್ದು ಬಲಗೈ ಮಣಿಕಟ್ಟು ಮುರಿದುಕೊಂಡರು. ವಾಷಿಂಗ್ ಮಷಿನ್ ತರೋಣ ಎಂದು ನಾನೇ ಹೇಳಿದೆ. ಹೇಳಿದ್ದು ನನ್ನ ಗಂಡ ವಸಂತನಿಗೆ, ಅದೇ ತಪ್ಪಾಯಿತು ನೋಡಿ.

ವಸಂತ ಹೊಸಕೋಟೆ ಇಂಡಸ್ಟ್ರಿಯಲ್ ಏರಿಯಾದ ಒಂದು ಕಾರ್ಖಾನೆಯಲ್ಲಿ ಸ್ಟೋರ್ಸ್ ನೋಡಿಕೊಳ್ಳುತ್ತಾನೆ. ಕುಡಿಯುವುದಿಲ್ಲ, ಕೈಯೆತ್ತುವುದಿಲ್ಲ. ಆದರೆ ಹೇಳಿದ ಬೆಲೆಗೆ ಒಂದು ಸೂಜಿಯನ್ನೂ ತರಲಾರ. ಸಂತೆಯಲ್ಲಿ ಕೊತ್ತಂಬರಿ ಮಾರುವ ಮುದುಕಿ ಚಿಲ್ಲರೆ ಹುಡುಕುವಾಗ ಇನ್ನೊಂದು ಕಟ್ಟು ಚೀಲಕ್ಕೆ ಹಾಕಿಕೊಳ್ಳುತ್ತಾನೆ. ಮಗಳ ನಾಮಕರಣಕ್ಕೆಂದು ಏರ್ ಕೂಲರ್ ಕೊಂಡು, ಊಟವೆಲ್ಲ ಮುಗಿದ ಮೇಲೆ "ಗಾಳಿ ಸರಿಯಾಗಿ ಬರಲ್ಲ" ಎಂದು ವಾಪಸ್ ಕೊಟ್ಟು ಬಂದವನು. ಅದರ ಜಾಲರಿಯಲ್ಲಿ ಪಾಯಸದ ಒಂದು ಶಾವಿಗೆ ಎಳೆ ಒಣಗಿ ಅಂಟಿಕೊಂಡಿತ್ತು. ನಾನು ನೋಡಿದ್ದೆ. ಒರೆಸಿ ಕೊಟ್ಟವಳೂ ನಾನೇ.

ಗೌರಿ ಹಬ್ಬಕ್ಕೆ ಮುಂಚೆ ಹೊಸಕೋಟೆಯ ದೊಡ್ಡ ಶೋರೂಮಿನವರು ಪೇಪರಿನ ಜೊತೆ ಒಂದು ಹಾಳೆ ಹಂಚಿದರು. ಸುತ್ತ ಮೂವತ್ತು ಕಿಲೋಮೀಟರಿನಲ್ಲಿ ಯಾವ ಅಂಗಡಿಯವರಾದರೂ ತಮ್ಮ ಬೆಲೆಗಿಂತ ಕಡಿಮೆಗೆ ಕೊಡುವುದಾಗಿ ಸೀಲು ಹಾಕಿ ಬರೆದುಕೊಟ್ಟರೆ, ಅದನ್ನು ತೋರಿಸಿದವರಿಗೆ ಅದೇ ಬೆಲೆ, ಮೇಲೆ ಒಂದು ಹಾಟ್‌ಬಾಕ್ಸ್ ಸೆಟ್.

"ಚೈತ್ರಾ, ಅಪ್ಪಯ್ಯಣ್ಣನ ಹತ್ರ ಒಂದು ಕೊಟೇಶನ್ ಬರೆಸ್ಕೊಂಡು ಬಾ" ಎಂದ ವಸಂತ. "ನಾನ್ ಹೋದ್ರೆ ಅನುಮಾನ ಪಡ್ತಾನೆ. ನೀನು ಅಮ್ಮನ ಕೈ ಕಥೆ ಹೇಳು, ಕರಗೋಗ್ತಾನೆ."

"ಅವ್ರ ಹತ್ರಾನೇ ತಗೊಂಡ್ರೆ ಆಯ್ತಲ್ಲ?"

"ಅವ್ನು ಹಾಟ್‌ಬಾಕ್ಸ್ ಕೊಡ್ತಾನಾ?"

ಹಾಟ್‌ಬಾಕ್ಸು! ನಮ್ಮ ಅಟ್ಟದ ಮೇಲೆ ಆಗಲೇ ನಾಲ್ಕು ಇದ್ದವು. ಆದರೂ ಹೋದೆ. ಬೇಡ ಎಂದರೆ ನಾಲ್ಕು ದಿನ ಮುಖ ಊದಿಸಿಕೊಂಡು ಕೂರುತ್ತಾನೆ, ಯಾರಿಗೆ ಬೇಕು ಅದು ಎಂದುಕೊಂಡೆ.

ಅತ್ತೆಯ ಕೈ ವಿಷಯ ಕೇಳುತ್ತಲೇ ಅಪ್ಪಯ್ಯಣ್ಣ ಎದ್ದು ನಿಂತರು. "ಅಯ್ಯೋ, ನನ್ ಬೋಣಿ ಕೈ ಅದು!" ಮೂಲೆಯಲ್ಲಿದ್ದ ಡಬ್ಬ ತೋರಿಸಿದರು. ಶೋರೂಮಿನಲ್ಲಿ ಇಪ್ಪತ್ತೊಂದೂವರೆ ಸಾವಿರಕ್ಕಿದ್ದ ಅದೇ ಮಷಿನ್ನು. "ನನಗೆ ಬಿದ್ದಿರೋದು ಹದಿನೇಳು ಎಂಟ್ನೂರು. ಅದ್ನೇ ಕೊಡಿ. ಅವ್ರ ಮನೆಗೆ ನಾನು ಲಾಭ ನೋಡ್ಲಾ?"

"ಬರೆದುಕೊಡ್ಬೇಕಿತ್ತು ಅಣ್ಣ. ಇವ್ರ ಕಂಪನಿ ಸೊಸೈಟೀಲಿ ಹಬ್ಬದ ಸಾಲ ಕೊಡ್ತಾರೆ. ಸೀಲು ಹಾಕಿರೋ ಚೀಟಿ ಕೇಳ್ತಾರೆ." ನಾಲಿಗೆ ತಡವರಿಸಲೂ ಇಲ್ಲ ನನ್ನದು.

ಅಪ್ಪಯ್ಯಣ್ಣ ಪೆನ್ನಿನ ಮುಚ್ಚಳ ತೆಗೆದು, ಮತ್ತೆ ಹಾಕಿದರು.

"ಬರೀಬಾರ್ದು ಕಣಮ್ಮ. ಮಷಿನ್ನಿನ ಕಂಪನಿಯೋರು ಹೇಳಿರೋ ರೇಟಿಗಿಂತ ಕೆಳಗೆ ಮಾರಂಗಿಲ್ಲ ನಾವು. ಗೊತ್ತಾದ್ರೆ ಡೀಲರ್‌ಶಿಪ್ಪು ಕಿತ್ಕತಾರೆ. ಅದು ಹೋದ್ರೆ ಈ ಅಂಗಡೀಲಿ ಏನೈತೆ, ಬಲ್ಬು ಮಾರ್ಕಂಡು ಕೂತ್ಕಬೇಕು ಅಷ್ಟೇ." ಆಮೇಲೆ ತಾವೇ ತಲೆ ಕೊಡವಿದರು. "ಸೊಸೈಟಿಗೆ ತಾನೆ? ಬೇರೆ ಯಾರ್ಗೂ ತೋರಿಸ್ಬ್ಯಾಡಿ."

"ಇಲ್ಲಣ್ಣ."

ಬರೆದು, ಸೀಲು ಒತ್ತಿ, ಉಫ್ ಎಂದು ಊದಿ ಒಣಗಿಸಿಕೊಟ್ಟರು. ಚೀಟಿಯ ತಲೆಯಲ್ಲಿ ವಸಂತನ ಹೆಸರಿರಲಿಲ್ಲ, 'ಅಮ್ಮಯಮ್ಮನವರ ಮನೆಗೆ' ಎಂದಿತ್ತು. ನಾನು ಮೆಟ್ಟಿಲಿಳಿಯುವಷ್ಟರಲ್ಲಿ ಡಬ್ಬದ ಮೇಲೂ ಆ ಹೆಸರು ಬರೆಯುತ್ತಿದ್ದರು.

ಶೋರೂಮಿನಲ್ಲಿ ಅಂಜನ್ ಎಂಬ ಮ್ಯಾನೇಜರ್ ಚೀಟಿಯನ್ನು ಎರಡು ಬೆರಳಲ್ಲಿ ಹಿಡಿದು, ಹಿಂದೆ ಮುಂದೆ ತಿರುಗಿಸಿ ನೋಡಿದ.

"ಗುರು, ಈ ರೇಟಿಗೆ ನಮ್ಗೇ ಬರಲ್ಲ. ಯಾರು ಸಾರ್ ಇವ್ನು, ದಾನಶೂರನಾ?"

"ಹಳ್ಳಿ ಅಂಗಡಿ ಬಾಸ್. ಲೆಕ್ಕ ಗೊತ್ತಾಗಲ್ಲ ಅವ್ನಿಗೆ" ಎಂದು ವಸಂತ ನಕ್ಕ. ನನ್ನ ಕಡೆಯೂ ನೋಡಿದ, ನಗಲಿ ಎಂದು.

ಅಂಜನ್ ಮೊಬೈಲ್ ತೆಗೆದು ಚೀಟಿಯ ಫೋಟೋ ಹಿಡಿದ. ಒಂದಲ್ಲ, ಎರಡು, ಸೀಲಿನದು ಹತ್ತಿರದಿಂದ.

"ಫೋಟೋ ಯಾಕೆ?" ಎಂದೆ.

"ಪ್ರೊಸೀಜರ್ ಮೇಡಂ. ಕಂಪನಿಗೆ ಕಳಿಸ್ಬೇಕು."

ವಸಂತನ ತೋಳು ಹಿಡಿದೆಳೆದೆ. "ರೀ, ಬೇಡ. ಅವ್ರಿಗೆ ತೊಂದ್ರೆ ಆಗುತ್ತೆ. ಡಿಲೀಟ್ ಮಾಡಿಸಿ."

"ಸುಮ್ನಿರೇ, ಬಿಲ್ ಆಗ್ತಿದೆ" ಎಂದವನು ಅಂಜನ್ ಕಡೆ ತಿರುಗಿ, "ಮಷಿನ್ ಕೆಳಗಿಡೋ ಸ್ಟ್ಯಾಂಡು ಫ್ರೀ ತಾನೆ?" ಎಂದ. ಸ್ಟ್ಯಾಂಡಿಗಾಗಿ ಅರ್ಧ ಗಂಟೆ ನಡೆಯಿತು. ಕೊನೆಗೆ ಇಬ್ಬರೂ ಹೆಗಲ ಮೇಲೆ ಕೈ ಹಾಕಿಕೊಂಡು ನಗುತ್ತಿದ್ದರು. ಏಸಿ ಗಾಳಿಯಲ್ಲಿ ನಿಂತಿದ್ದರೂ ನನ್ನ ಮೈಯೆಲ್ಲ ಅಂಟಂಟಾದಂತಿತ್ತು. ಮನೆಗೆ ಹೋಗಿ ತಲೆಗೆ ನೀರು ಹಾಕಿಕೊಂಡೆ.

ಅತ್ತೆಗೆ ವಸಂತ ಹೇಳಿದ್ದು ಇಷ್ಟು: "ಅಪ್ಪಯ್ಯಣ್ಣನ ಹತ್ರ ಸ್ಟಾಕ್ ಇರ್ಲಿಲ್ಲಮ್ಮ."

ಒಂದು ವಾರದ ಮೇಲೆ ಅಪ್ಪಯ್ಯಣ್ಣ ಬಸ್‌ಸ್ಟಾಪಿನಲ್ಲಿ ಸಿಕ್ಕಿ, "ಸಾಲ ಬಂತಾಮ್ಮ? ಮಷಿನ್ನು ತೆಗೆದಿಟ್ಟಿದ್ದೀನಿ, ಇಬ್ರು ಕೇಳಿದ್ರು, ಕೊಡ್ಲಿಲ್ಲ" ಎಂದರು. ಇನ್ನೂ ಇಲ್ಲ ಅಣ್ಣ ಎಂದೆ. ನಮ್ಮ ಹಿತ್ತಲಲ್ಲಿ ಆಗ ಶೋರೂಮಿನ ಮಷಿನ್ನು ತಿರುಗುತ್ತಿತ್ತು. ಬಟ್ಟೆ ಆದ ಮೇಲೆ ಕುಣಿಯುವ ಹಾಗೆ ಒಂದು ರಾಗ ಹಾಡುತ್ತದೆ ಅದು. ಅದು ಶುರುವಾದರೆ ಸಾಕು, ಓಡಿ ಹೋಗಿ ಸ್ವಿಚ್ಚು ಆರಿಸುತ್ತೇನೆ.

ಅದಾಗಿ ಹತ್ತು ದಿನಕ್ಕೆ ಕಂಪನಿಯ ವ್ಯಾನು ಬಂತು. ಅಂಗಡಿ ಹಣೆಯ ನೀಲಿ ಬೋರ್ಡು ಬಿಚ್ಚಿದರು, ಫ್ರಿಜ್ಜು ಟೀವಿ ಎಲ್ಲ ಹೊರಿಸಿಕೊಂಡು ಹೋದರು ಎಂದು ಊರೆಲ್ಲ ಮಾತಾಯಿತು. ಕೈಗೆ ಕಟ್ಟು ಹಾಕಿಸಿಕೊಂಡು ಮನೆಯೊಳಗೇ ಇದ್ದ ಅತ್ತೆಯ ಕಿವಿಗೆ ಮಾತ್ರ ಬೀಳದಂತೆ ನೋಡಿಕೊಂಡೆ. ವಸಂತನಿಗೆ ಹೇಳಿದೆ. ಅವನು ಮೊಬೈಲಿನಿಂದ ತಲೆಯೆತ್ತದೆ, "ಬರೆದುಕೊಟ್ಟೋನು ಅವ್ನು ತಾನೆ? ನಾವೇನು ಕದ್ದಿದ್ವಾ?" ಎಂದ.

ಈ ಸಲ ವಿಜಯದಶಮಿಗೆ ಹೇಳಿಕಳಿಸಲಿಕ್ಕಿಲ್ಲ ಎಂದುಕೊಂಡೆ. ಕಳಿಸಿದರು. ಕಟ್ಟು ಬಿಚ್ಚಿದ್ದ, ಇನ್ನೂ ಪೂರ್ತಿ ಮಡಚಲಾಗದ ಕೈಗೆ ಹೊಸ ಬಳೆ ತೊಡಿಸಿ ಅತ್ತೆಯನ್ನು ಕರೆದುಕೊಂಡು ಹೋದೆ.

ಅಂಗಡಿ ಬಾಯಿ ಬಿಟ್ಟುಕೊಂಡು ಕೂತಂತಿತ್ತು. ಗೋಡೆಯಲ್ಲಿ ಫ್ರಿಜ್ಜುಗಳಿದ್ದ ಕಡೆ ಬಿಳಿಯ ಚೌಕಗಳು. ಒಂದು ಸಾಲು ಬಲ್ಬು, ವೈರಿನ ಸುರುಳಿ, ಮೂಲೆಯಲ್ಲಿ ಒಂದೇ ಒಂದು ಡಬ್ಬ.

"ಏನೋ ಅಪ್ಪಯ್ಯ, ಬೋರ್ಡ್ ಎಲ್ಲಿ?"

"ಗಾಳಿಗೆ ಬಿತ್ತಮ್ಮ." ನನ್ನ ಕಡೆ ನೋಡಲಿಲ್ಲ. ಬಲ್ಬು ತೆಗೆದು ಉರಿಸಿ ತೋರಿಸಿ, ಅರಿಶಿನ ಕುಂಕುಮ ಇಟ್ಟು ಅತ್ತೆಯ ಮುಂದೆ ಇಟ್ಟರು. "ಕೇಳಿ, ಎಷ್ಟಕ್ಕೆ ಕೇಳ್ತೀರಿ?"

ಅತ್ತೆ ಕೇಳಲಿಲ್ಲ. ಅವರ ಕಣ್ಣು ಡಬ್ಬದ ಮೇಲಿತ್ತು. ಮೂರನೇ ಕ್ಲಾಸಿನ ಓದು, ಆದರೆ ತಮ್ಮ ಹೆಸರು ಓದಿಕೊಳ್ಳುತ್ತಾರೆ.

"ನನ್ನೆಸ್ರು ಯಾಕೈತೆ ಅದ್ರ ಮೇಲೆ? ಸ್ಟಾಕಿಲ್ಲ ಅಂದ್ನಲ್ಲ ನನ್ ಮಗ?"

"ಅದು ನಾನು ದುಡ್ಡು ಕಟ್ಟಿ ಉಳಿಸ್ಕಂಡಿದ್ದು. ಇರ್ಲಿ ಬಿಡಿ. ಬೋಣಿ ಹೊತ್ನಾಗೆ ಬ್ಯಾರೆ ಮಾತು ಯಾಕೆ" ಎಂದರು ಅಪ್ಪಯ್ಯಣ್ಣ.

ಅವರು ಈಗ ಮೂರು ರೂಪಾಯಿ ಬಿಡುತ್ತಾರೆ, ಅತ್ತೆ ನಗುತ್ತಾರೆ, ನಾನು ಆ ಬಲ್ಬು ಹಿಡಿದು ಮನೆಗೆ ಹೋಗಬೇಕು. ನೆನೆದರೇ ಹೇಸಿಗೆಯಾಯಿತು. ಹೇಳಿಬಿಟ್ಟೆ. ಚೀಟಿ, ಸೊಸೈಟಿಯ ಸುಳ್ಳು, ಫೋಟೋ, ಸ್ಟ್ಯಾಂಡು, ಹಾಟ್‌ಬಾಕ್ಸು, ಎಲ್ಲ.

ಅತ್ತೆ ನನ್ನನ್ನು ಬೈಯಲಿಲ್ಲ. ಎದ್ದು ಹೋಗಿ ಸೆರಗಿನ ತುದಿಯಿಂದ ಡಬ್ಬದ ಮೇಲಿನ ತಮ್ಮ ಹೆಸರನ್ನು ಒರೆಸಿದರು. ಎಡಗೈಯಲ್ಲಿ ಒರೆಸುತ್ತಿದ್ದುದರಿಂದ ಬಹಳ ಹೊತ್ತು ಹಿಡಿಯಿತು. ಆಮೇಲೆ ಬಲ್ಬನ್ನು ಅಪ್ಪಯ್ಯಣ್ಣನ ಕಡೆಗೆ ತಳ್ಳಿದರು.

"ನನ್ ಕೈ ಒಳ್ಳೇದಲ್ಲ ಕಣಪ್ಪ ಈಗ. ಬ್ಯಾರೆ ಯಾರ್ನಾದ್ರೂ ಕರೆಸ್ಕೋ ಬೋಣಿಗೆ."

ಹಾಗೆಲ್ಲ ಅನ್ನಬೇಡಿ ಎಂದು ಅಪ್ಪಯ್ಯಣ್ಣ ಹೇಳುತ್ತಾರೆ ಎಂದು ಕಾದೆ. ಅವರು ಕುಂಕುಮ ಒರೆಸಿ, ಬಲ್ಬನ್ನು ರಟ್ಟಿನ ಗೂಡಿಗೆ ಸೇರಿಸಿ, ಸಾಲಿನಲ್ಲಿ ಅದರ ಜಾಗಕ್ಕೆ ಇಟ್ಟರು.

ಬರಿಗೈಯಲ್ಲಿ ಮನೆಗೆ ಬಂದೆವು. ವಸಂತ ಜಗುಲಿಯ ಮೇಲೆ ಕೂತು, ಅವತ್ತು ಪುಕ್ಕಟೆ ಬಂದ ಹಾಟ್‌ಬಾಕ್ಸಿನಲ್ಲಿ ಇಡ್ಲಿ ಇಟ್ಟುಕೊಂಡು ತಿನ್ನುತ್ತಿದ್ದ. ತಾಯಿಯನ್ನು ನೋಡಿ ನಕ್ಕ.

"ಬಂದ್ರಾ? ಈ ಸತಿ ಎಷ್ಟು ಬಿಟ್ಟ?"